ಗೇಟಿನ ಹೊರಗೆ ಹಳೇ ಯುದ್ಧದ ಸಿಟ್ಟು: ಸುಝೌನಲ್ಲಿ ನನ್ನ ಅನುಭವ

2012ರ ಸೆಪ್ಟೆಂಬರ್‌ನಲ್ಲಿ ಚೀನಾದ ಊರೂರಲ್ಲಿ ಜಪಾನ್ ವಿರುದ್ಧ ಜನ ಬೀದಿಗಿಳಿದರು. ಆಗ ನಾನು ಸುಝೌ ಊರಿನ ಒಂದು ಜಪಾನಿ ಕಾರ್ಖಾನೆಯಲ್ಲಿದ್ದೆ. ಕಾರಿನ ಬಿಡಿಭಾಗ ಮಾಡುವ ಕಂಪನಿ. ಕ್ವಾಲಿಟಿ ನನ್ನ ಕೆಲಸ, ಜೊತೆಗೆ ಸೇಫ್ಟಿಯೂ ನನ್ನ ಹೆಗಲಿಗೇ ಬಿದ್ದಿತ್ತು. ಬಿಡದಿ ಕಡೆಯ ಜಪಾನಿ ಕಂಪನಿಗಳಲ್ಲಿ ದುಡಿದವರಿಗೆ ಇದು ಹೊಸದಲ್ಲ. ಅಲ್ಲಿ ಒಂದಿಷ್ಟು ಜಪಾನಿ ಭಾಷೆ ಕಲಿತು ಕೆಲಸದಲ್ಲಿ ಪಳಗಿದ ಮೇಲೆ ಥಾಯ್ಲೆಂಡಿಗೋ ಚೀನಾಕ್ಕೋ ಡೆಪ್ಯುಟೇಶನ್ ಮೇಲೆ ಕಳಿಸುತ್ತಾರೆ, ನಾನು ಹೋದದ್ದೂ ಹಾಗೇ. ಈಗ ಅದೇ ದಾರಿಯಲ್ಲಿ ಹೊರಟ ಹುಡುಗರು ಕೇಳುತ್ತಿರುತ್ತಾರೆ, "ಸರ್, ಅಲ್ಲಿ ಮತ್ತೆ ಗಲಾಟೆ ಆದ್ರೆ ಏನ್ ಮಾಡೋದು?" ಅಂತ. ಫೋನಿನಲ್ಲಿ ತುಂಡು ತುಂಡಾಗಿ ಹೇಳುವುದಕ್ಕಿಂತ ಎಲ್ಲವನ್ನೂ ಒಂದೇ ಕಡೆ ಬರೆದಿಡೋಣ ಅನ್ನಿಸಿತು.

ಮೊದಲು ಒಂದು ವಿಷಯ. ಕಲ್ಲು ಹೊಡೆಯುವವರನ್ನು ನೋಡಿ "ಇವರೆಲ್ಲ ಪುಂಡರು" ಅಂದುಬಿಟ್ಟರೆ ನಿಮ್ಮ ಕಾರ್ಖಾನೆ ಉಳಿಯುವುದಿಲ್ಲ. ಯಾಕೆಂದರೆ ಅದೇ ಸಿಟ್ಟು ನಿಮ್ಮ ಅಸೆಂಬ್ಲಿ ಲೈನಿನಲ್ಲೂ ನಿಂತಿರುತ್ತದೆ, ಕ್ಯಾಂಟೀನಿನಲ್ಲಿ ನಿಮ್ಮ ಎದುರಿಗೇ ಊಟಕ್ಕೆ ಕೂತಿರುತ್ತದೆ. ಸಿಟ್ಟು ನಿಜ. ಅದರ ಹಿಂದಿನ ನೋವೂ ನಿಜ. ಹೊಡೆಯುವುದು, ಸುಡುವುದು ತಪ್ಪು. ಇವನ್ನೆಲ್ಲ ಒಟ್ಟಿಗೆ ಮನಸ್ಸಿನಲ್ಲಿಟ್ಟುಕೊಂಡೇ ನಾನು ಆ ವಾರ ಕೆಲಸ ಮಾಡಿದೆ.

ಆ ವರ್ಷದ ಜಗಳ ದ್ವೀಪಗಳದ್ದು. ಪೂರ್ವ ಚೀನಾ ಸಮುದ್ರದಲ್ಲಿ ಜನವಸತಿಯೇ ಇಲ್ಲದ ಕೆಲವು ಪುಟ್ಟ ದ್ವೀಪಗಳಿವೆ. ಜಪಾನಿನವರಿಗೆ ಅವು ಸೆಂಕಾಕು, ಚೀನೀಯರಿಗೆ ಡಿಯಾಯು. 1895ರಲ್ಲಿ ಎರಡೂ ದೇಶ ಯುದ್ಧ ಮಾಡುತ್ತಿದ್ದಾಗಲೇ ಜಪಾನ್ ಅವನ್ನು ತನಗೆ ಸೇರಿಸಿಕೊಂಡಿತು. ಅದಕ್ಕೇ ಚೀನೀಯರಿಗೆ ಅದು ಬರೀ ಬಂಡೆಯ ಪ್ರಶ್ನೆ ಅಲ್ಲ, ಯುದ್ಧದಲ್ಲಿ ಕಳೆದುಕೊಂಡದ್ದರ ಪ್ರಶ್ನೆ. 2012ರ ಏಪ್ರಿಲ್‌ನಲ್ಲಿ ಟೋಕಿಯೊ ಗವರ್ನರ್ ಶಿಂತಾರೊ ಇಶಿಹಾರಾ, ಖಾಸಗಿ ಮಾಲೀಕರಿಂದ ಆ ದ್ವೀಪಗಳನ್ನು ಕೊಂಡುಕೊಳ್ಳುತ್ತೇವೆ ಅಂತ ಘೋಷಿಸಿದರು. ಅವರ ಕೈಗೆ ಹೋದರೆ ಇನ್ನೂ ರಂಪ ಆಗುತ್ತದೆ ಅಂತ ಪ್ರಧಾನಿ ನೋಡಾ ಅವರ ಸರ್ಕಾರ ಸೆಪ್ಟೆಂಬರ್ 11ರಂದು ತಾನೇ ಮೂರು ದ್ವೀಪಗಳನ್ನು ಖರೀದಿಸಿತು, ಬೆಲೆ 205 ಕೋಟಿ ಯೆನ್. ಟೋಕಿಯೊದಲ್ಲಿ ಕೂತವರಿಗೆ ಇದು ಗಲಾಟೆ ತಪ್ಪಿಸುವ ದಾರಿ ಅನ್ನಿಸಿರಬಹುದು. ಚೀನಾದಲ್ಲಿ ಕೂತು ನೋಡುವವರಿಗೆ ಹಾಗೆ ಕಾಣಲಿಲ್ಲ. ಅದೂ ಯಾವಾಗ? ಸೆಪ್ಟೆಂಬರ್ 18ಕ್ಕೆ ಒಂದೇ ವಾರ ಇರುವಾಗ.

ಸೆಪ್ಟೆಂಬರ್ 18 ಅಂದರೆ ಏನು ಅಂತ ಅಲ್ಲಿಗೆ ಹೋಗುವ ಪ್ರತಿಯೊಬ್ಬರಿಗೂ ಗೊತ್ತಿರಬೇಕು. 1931ರ ಆ ರಾತ್ರಿ ಶೆನ್‌ಯಾಂಗ್ ಹತ್ತಿರ ಜಪಾನಿ ಸೈನಿಕರೇ ತಮ್ಮ ರೈಲು ಹಳಿಗೆ ಸ್ಫೋಟಕ ಇಟ್ಟು, ಚೀನೀಯರು ಮಾಡಿದರು ಅಂತ ನೆಪ ಹೇಳಿ ಇಡೀ ಮಂಚೂರಿಯಾವನ್ನು ಹಿಡಿದುಕೊಂಡರು. ಇವತ್ತಿಗೂ ಆ ದಿನ ಶೆನ್‌ಯಾಂಗ್‌ನಲ್ಲಿ ಸೈರನ್ ಕೂಗಿಸುತ್ತಾರೆ. 1937ರ ಜುಲೈ 7ರಂದು ಬೀಜಿಂಗ್ ಪಕ್ಕದ ಮಾರ್ಕೊ ಪೋಲೊ ಸೇತುವೆ ಹತ್ತಿರ ಪೂರ್ತಿ ಯುದ್ಧ ಶುರುವಾಯಿತು. ಆ ವರ್ಷ ನವೆಂಬರ್‌ನಲ್ಲಿ ಸುಝೌ ಬಿತ್ತು, ಡಿಸೆಂಬರ್ 13ಕ್ಕೆ ನಾನ್‌ಜಿಂಗ್ ಬಿತ್ತು. ನಾನ್‌ಜಿಂಗ್‌ನಲ್ಲಿ ಆಮೇಲೆ ನಡೆದದ್ದನ್ನು ಬರೆಯಲು ಕೈ ಓಡುವುದಿಲ್ಲ. ನಾನು ಅಲ್ಲಿನ ಸ್ಮಾರಕ ನೋಡಿದ್ದೇನೆ. ಸುಝೌನಿಂದ ಹೈಸ್ಪೀಡ್ ರೈಲಿನಲ್ಲಿ ಬೆಳಗ್ಗೆ ಹೋಗಿ ಸಂಜೆಗೆ ಬರಬಹುದು. ಗೋಡೆಯ ಮೇಲೆ ದೊಡ್ಡದಾಗಿ 300000 ಅಂತ ಕೆತ್ತಿದ್ದಾರೆ, ಸತ್ತವರ ಸಂಖ್ಯೆ ಅಂತ ಚೀನಾ ಹೇಳುವ ಲೆಕ್ಕ ಅದು. ಟೋಕಿಯೊದ ಯುದ್ಧಾಪರಾಧ ವಿಚಾರಣೆ 2 ಲಕ್ಷಕ್ಕೂ ಹೆಚ್ಚು ಅಂದಿತ್ತು. ಒಳಗೆ ಗುಂಡಿಯಿಂದ ತೆಗೆದ ಮೂಳೆಗಳನ್ನು ಮಣ್ಣಿನಲ್ಲಿ ಇದ್ದ ಹಾಗೇ ಗಾಜಿನ ಹಿಂದೆ ಇಟ್ಟಿದ್ದಾರೆ. ಅದನ್ನು ಕಂಡವರು ಆಮೇಲೆ ಯಾವ ಚೀನೀ ಕೆಲಸಗಾರನಿಗೂ "ಹಳೇದೆಲ್ಲ ಬಿಡ್ರೀ" ಅಂತ ಹೇಳಲಾರರು. ಡೆಪ್ಯುಟೇಶನ್ ಮೇಲೆ ಹೋಗುವವರಿಗೆ ನಾನು ಹೇಳುವ ಮೊದಲ ಕೆಲಸ ಅದೇ: ಹೋದ ಮೊದಲ ತಿಂಗಳುಗಳಲ್ಲೇ ಒಂದು ಭಾನುವಾರ ನಾನ್‌ಜಿಂಗ್‌ಗೆ ಹೋಗಿ ಬನ್ನಿ.

ಇನ್ನು ಕಾರ್ಖಾನೆಯ ಮಾತು. ಆಗಸ್ಟ್ 19ರಂದೇ ಶೆನ್‌ಝೆನ್ ಮತ್ತು ಇನ್ನು ಕೆಲವು ಊರುಗಳಲ್ಲಿ ಮೆರವಣಿಗೆ ನಡೆದು ಜಪಾನಿ ಕಾರುಗಳನ್ನು ಉರುಳಿಸಿದ್ದರು. ಆಗಸ್ಟ್ ಕೊನೆಗೆ ಬೀಜಿಂಗ್‌ನಲ್ಲಿ ಜಪಾನ್ ರಾಯಭಾರಿಯ ಕಾರನ್ನು ಅಡ್ಡಹಾಕಿ ಬಾವುಟ ಕಿತ್ತುಕೊಂಡು ಹೋದರು. ಆಗಲೇ ನಾನು ನಮ್ಮ ಎಚ್‌ಆರ್ ಮ್ಯಾನೇಜರ್ ಹತ್ತಿರ ಹೋಗಿ ಕೂತೆ. ಅವರು ನಾನ್‌ಜಿಂಗ್ ಕಡೆಯವರು, ಚೆನ್ನಾಗಿ ಜಪಾನಿ ಮಾತಾಡುತ್ತಿದ್ದರು. 2005ರ ಏಪ್ರಿಲ್ 16ರಂದು ಶಾಂಘೈನಲ್ಲಿ ದೊಡ್ಡ ಮೆರವಣಿಗೆ ಆದಾಗ ಅವರು ಕಾಲೇಜು ವಿದ್ಯಾರ್ಥಿನಿ, ತಾವೂ ಅದರಲ್ಲಿ ನಡೆದಿದ್ದರು. ಆ ಸಲದ ಸಿಟ್ಟು ಪಠ್ಯಪುಸ್ತಕದ್ದು. ಯುದ್ಧದ ಕ್ರೌರ್ಯವನ್ನು ತೇಲಿಸಿ ಬರೆದ ಒಂದು ಇತಿಹಾಸ ಪಠ್ಯಕ್ಕೆ ಜಪಾನಿನ ಶಿಕ್ಷಣ ಇಲಾಖೆ ಆ ತಿಂಗಳಷ್ಟೇ ಒಪ್ಪಿಗೆ ಕೊಟ್ಟಿತ್ತು. ಜೊತೆಗೆ ಜಪಾನ್ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ ಕಾಯಂ ಸ್ಥಾನವನ್ನೂ ಕೇಳುತ್ತಿತ್ತು. ಮೆರವಣಿಗೆ ಶಾಂತವಾಗಿಯೇ ಹೊರಟಿತ್ತಂತೆ. ಕಾನ್ಸುಲೇಟ್ ಹತ್ತಿರ ಬರುವಷ್ಟರಲ್ಲಿ ಮುಂದಿನವರು ಕಿಟಕಿಗಳಿಗೆ ಕಲ್ಲು ತೂರುತ್ತಿದ್ದರು. ದಾರಿಯಲ್ಲಿ ಒಂದು ಜಪಾನಿ ಹೋಟೆಲಿನ ಗಾಜು ಒಡೆದರು. ಒಳಗಿಂದ ಓಡಿ ಬಂದ ಮಾಲೀಕ ಚೀನೀಯ. "ನಾನೂ ನಿಮ್ಮವನೇ" ಅಂತ ಕೂಗುತ್ತಿದ್ದ. ಅವತ್ತು ಅವರು ಗುಂಪು ಬಿಟ್ಟು ಪಕ್ಕದ ಗಲ್ಲಿಯಿಂದ ಮನೆಗೆ ಹೋದರಂತೆ. "ಸಿಟ್ಟು ಹೋಗಿಲ್ಲ, ಮೆರವಣಿಗೆಗೆ ಮಾತ್ರ ಮತ್ತೆ ಹೋಗಲ್ಲ" ಅಂದರು. ಆ ವಾರ ನಾನು ಜಾಸ್ತಿ ಕಿವಿಗೊಟ್ಟದ್ದು ಅವರ ಮಾತಿಗೇ. ಹೆಡ್ ಆಫೀಸಿನಿಂದ ಬಂದ ಸೇಫ್ಟಿ ಪುಸ್ತಕಕ್ಕಿಂತ ಅವರ ಅನುಭವ ನಂಬಿಕೆಗೆ ತಕ್ಕದ್ದಾಗಿತ್ತು.

ಇನ್ನೊಬ್ಬರು ಪ್ರೆಸ್ ಶಾಪಿನ ಫೋರ್‌ಮನ್. ಸುಝೌನವರೇ, ವಯಸ್ಸಾದವರು, ಎಲ್ಲರೂ ಅವರನ್ನು ಶಿಫು ಅಂತ ಕರೆಯುತ್ತಿದ್ದರು, ನಮ್ಮಲ್ಲಿ ಮೇಸ್ತ್ರಿ ಅನ್ನುವ ಹಾಗೆ. ನಾನು ಭಾರತದವನು ಅಂತ ತಿಳಿದ ದಿನದಿಂದ ಅವರಿಗೆ ನನ್ನ ಮೇಲೆ ಒಂಥರಾ ಪ್ರೀತಿ. ಕಾರಣ ಡಾಕ್ಟರ್ ಕೊಟ್ನಿಸ್. ಸೊಲ್ಲಾಪುರದ ದ್ವಾರಕಾನಾಥ ಕೊಟ್ನಿಸ್ 1938ರಲ್ಲಿ ಐವರು ಡಾಕ್ಟರುಗಳ ತಂಡದಲ್ಲಿ ಚೀನಾಕ್ಕೆ ಹೋಗಿ, ಜಪಾನ್ ವಿರುದ್ಧ ಹೋರಾಡುತ್ತಿದ್ದ ಸೈನಿಕರಿಗೆ ಚಿಕಿತ್ಸೆ ಮಾಡುತ್ತಾ, 1942ರಲ್ಲಿ ಅಲ್ಲೇ ತೀರಿಕೊಂಡರು. ಆಗ ಅವರಿಗೆ 32 ವರ್ಷ. ನಮ್ಮವರಲ್ಲಿ ಎಷ್ಟೋ ಜನಕ್ಕೆ ಅವರ ಹೆಸರೇ ಗೊತ್ತಿಲ್ಲ. ಆ ಶಿಫುಗೆ ಮಾತ್ರ ಅವರ ಚೀನೀ ಹೆಸರು ಬಾಯಲ್ಲೇ ಇತ್ತು. ಇಂಥ ಗುರುತು ಇದ್ದರೆ ಅಲ್ಲಿ ಬಾಗಿಲು ತೆರೆಯುತ್ತದೆ. ನಾನು ಕೇಳಿದ್ದಕ್ಕೆಲ್ಲ ಅವರು ನೇರ ಉತ್ತರ ಕೊಡುತ್ತಿದ್ದರು.

ಸೆಪ್ಟೆಂಬರ್ 14, ಶುಕ್ರವಾರ. ಮಾರನೇ ದಿನ ಮೆರವಣಿಗೆ ಅಂತ ವೀಬೊ, ಕ್ಯೂಕ್ಯೂ ಅನ್ನುವ ಚೀನೀ ಸೋಶಿಯಲ್ ಮೀಡಿಯಾ ಗುಂಪುಗಳಲ್ಲಿ ಮೆಸೇಜು ಓಡಾಡುತ್ತಿತ್ತು. ಮಧ್ಯಾಹ್ನದ ಊಟ ಆದ ಮೇಲೆ ಕ್ಯಾಂಟೀನಿನ ಮೂಲೆಯಲ್ಲಿ ಮೂವರನ್ನು ಎದುರು ಬದುರು ಕೂರಿಸಿದೆ: ಎಚ್‌ಆರ್ ಮ್ಯಾನೇಜರ್, ಶಿಫು, ಮತ್ತು ನಮ್ಮ ಜಪಾನಿ ಪ್ರೊಡಕ್ಷನ್ ಮುಖ್ಯಸ್ಥರು. ಅವರು ಐವತ್ತು ದಾಟಿದ ಮನುಷ್ಯ, ಮಾತು ಕಡಿಮೆ. ಶಿಫು ಸುತ್ತಿ ಬಳಸಲಿಲ್ಲ. "ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ನಿಮ್ಮ ದೇಶ ಒಂದು ಸಲ ಮನಸ್ಸಿಟ್ಟು ಕ್ಷಮೆ ಕೇಳಲಿ" ಅಂದರು. ಎಚ್‌ಆರ್ ಮ್ಯಾನೇಜರ್ ಅದನ್ನು ಜಪಾನಿಗೆ ತಿರುಗಿಸಿ ಹೇಳಿದರು. ಜಪಾನಿ ಮುಖ್ಯಸ್ಥರು ಸ್ವಲ್ಪ ಹೊತ್ತು ಬಿಟ್ಟು, 1995ರಲ್ಲಿ ಪ್ರಧಾನಿ ಮುರಾಯಾಮಾ ಕೇಳಿದ್ದಾರೆ, 2005ರಲ್ಲಿ ಜಕಾರ್ತಾದಲ್ಲಿ ಕೊಯಿಜುಮಿ ಮತ್ತೆ ಕೇಳಿದ್ದಾರೆ ಅಂದರು. ಶಿಫು ಕೇಳಿದರು: "ಕೊಯಿಜುಮಿ ಕ್ಷಮೆ ಕೇಳಿ ಮತ್ತೆ ಯಾಸುಕುನಿಗೂ ಹೋದರಲ್ಲ?" ಯಾಸುಕುನಿ ಟೋಕಿಯೊದ ಮಂದಿರ. ಯುದ್ಧದಲ್ಲಿ ಸತ್ತವರ ಜೊತೆಗೆ 14 ಜನ ಎ ದರ್ಜೆಯ ಯುದ್ಧಾಪರಾಧಿಗಳನ್ನೂ 1978ರಿಂದ ಅಲ್ಲಿ ಸೇರಿಸಿ ಪೂಜಿಸುತ್ತಾರೆ. ಕೊಯಿಜುಮಿ ಪ್ರಧಾನಿಯಾಗಿದ್ದಾಗ ವರ್ಷವರ್ಷವೂ ಅಲ್ಲಿಗೆ ಹೋಗುತ್ತಿದ್ದರು.

ಜಪಾನಿ ಮುಖ್ಯಸ್ಥರು ಚಹಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಹಾಗೇ ಕೂತಿದ್ದರು. ಆಮೇಲೆ, "ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ನಾನು ನಾನ್‌ಜಿಂಗ್‌ಗೆ ಹೋಗಿದ್ದೆ, ಒಬ್ಬನೇ ಹೋಗಿದ್ದೆ. ಯಾರಿಗೂ ಹೇಳಿರಲಿಲ್ಲ" ಅಂದರು. ಅದನ್ನು ಅನುವಾದಿಸುವಾಗ ನಮ್ಮ ಎಚ್‌ಆರ್ ಮ್ಯಾನೇಜರ್ ದನಿ ಸಣ್ಣಗಾಯಿತು. ಶಿಫು ತಮ್ಮ ಸಿಗರೇಟು ಪ್ಯಾಕೆಟ್ಟು ತೆಗೆದು ಅವರ ಕಡೆ ಒಂದು ಚಾಚಿದರು. ಚೀನೀ ಗಂಡಸರಲ್ಲಿ ಅದು ದೊಡ್ಡ ಮಾತು. ಸಂಜೆಯೊಳಗೆ ಇದು ಇಡೀ ಕಾರ್ಖಾನೆಗೆ ಹಬ್ಬಿತ್ತು. ಯಾವ ಸರ್ಕ್ಯುಲರ್ ಹಾಕಿದ್ದರೂ ಇಷ್ಟು ಕೆಲಸ ಆಗುತ್ತಿರಲಿಲ್ಲ.

ಆವತ್ತು ರಾತ್ರಿವರೆಗೂ ಉಳಿದ ತಯಾರಿ ಮಾಡಿದೆವು. ಜಪಾನಿ ಸಿಬ್ಬಂದಿ ಮತ್ತು ಅವರ ಮನೆಯವರಿಗೆ ವಾರಕ್ಕಾಗುವಷ್ಟು ದಿನಸಿ ಕೊಡಿಸಿದೆವು. ಫ್ಲಾಟ್ ಬಿಟ್ಟು ಹೊರಗೆ ಬರಬೇಡಿ, ಲಿಫ್ಟಿನಲ್ಲಿ ಟ್ಯಾಕ್ಸಿಯಲ್ಲಿ ಜಪಾನಿ ಮಾತಾಡಬೇಡಿ, ಜಪಾನಿ ಹೋಟೆಲುಗಳ ಬೀದಿ ಕಡೆ ಸುಮ್ನೆ ನೋಡೋಕೂ ಹೋಗಬೇಡಿ. ಪಾಸ್‌ಪೋರ್ಟು ಕೈಗೆ ಸಿಗುವ ಹಾಗೆ ಇರಲಿ, ಶಾಂಘೈನಿಂದ ಟಿಕೆಟ್ಟು ಯಾವಾಗ ಬೇಕಾದರೂ ತೆಗೆಯಲು ಒಬ್ಬ ಏಜೆಂಟನನ್ನು ಗೊತ್ತುಮಾಡಿದೆವು. ಕಂಪನಿಯ ಕಾರುಗಳೆಲ್ಲ ಜಪಾನಿ ಬ್ರ್ಯಾಂಡಿನವು, ಅವನ್ನು ಒಳಗೆ ಶೆಡ್ಡಿನಲ್ಲಿ ನಿಲ್ಲಿಸಿ ಬಾಡಿಗೆಗೆ ಅಮೆರಿಕದ ಬ್ರ್ಯಾಂಡಾದ ಬ್ಯೂಕ್ ವ್ಯಾನ್ ತಂದೆವು. ಕೆಲಸಗಾರರ ಸ್ವಂತ ಕಾರುಗಳನ್ನೂ ಒಳಗೆ ಬಿಡಿಸಿದೆವು. ಇದನ್ನು ಎಷ್ಟೋ ಕಂಪನಿಗಳು ಮರೆಯುತ್ತವೆ. ಸಾಲ ಮಾಡಿ ಕೊಂಡ ಕಾರು ಕೆಲಸಗಾರನದ್ದು, ಬೀದಿಯಲ್ಲಿ ಅದು ಜಪಾನಿನದ್ದು ಅಂತ ಒಡೆಯುತ್ತಾರೆ.

ಗೇಟಿನ ಮುಂದೆ ಜಪಾನಿ ಶೈಲಿಯ ಒಂದು ಸಣ್ಣ ಕಲ್ಲಿನ ತೋಟ ಇತ್ತು. ಮುಷ್ಟಿ ಗಾತ್ರದ ನುಣುಪಾದ ಬಿಳಿ ಕಲ್ಲುಗಳನ್ನು ಹರಡಿ ತುಂಬ ಚಂದ ಮಾಡಿದ್ದರು. ಶಿಫು ಅದನ್ನು ತೋರಿಸಿ, "ಕಲ್ಲು ಹೊಡೆಯೋರಿಗೆ ನಾವೇ ಜೋಡಿಸಿಟ್ಟ ಹಾಗಿದೆ" ಅಂದರು. ಅಷ್ಟನ್ನೂ ತಳ್ಳುಗಾಡಿಯಲ್ಲಿ ತುಂಬಿ ಹಿಂದಿನ ಗೋಡೌನಿಗೆ ಸಾಗಿಸಿದೆವು. ಕಾಂಪೌಂಡ್ ಪಕ್ಕದ ಮರದ ಪ್ಯಾಲೆಟ್ಟು, ರಟ್ಟಿನ ಡಬ್ಬ, ಪೇಂಟ್ ಶಾಪಿನ ಥಿನ್ನರ್ ಡ್ರಮ್ಮು ಎಲ್ಲ ಒಳಕ್ಕೆ. ಬೆಂಕಿ ನಂದಿಸುವ ಪೈಪಿನಲ್ಲಿ ನೀರಿನ ಒತ್ತಡ ನೋಡಿಕೊಂಡೆವು. ಸೆಕ್ಯುರಿಟಿಯವರ ಕೈಯಿಂದ ಲಾಠಿ ತೆಗೆಸಿದೆ. ಕ್ಯಾಮೆರಾ ಓಡಲಿ, ಕೈ ಮಾತ್ರ ಯಾರೂ ಎತ್ತಬಾರದು. ಒಬ್ಬ ಚೀನೀ ಹುಡುಗನಿಗೆ ಜಪಾನಿ ಕಂಪನಿಯ ಗೇಟಿನಲ್ಲಿ ಏಟು ಬಿತ್ತು ಅಂತ ಸುದ್ದಿಯಾದರೆ ಆಮೇಲೆ ಏನೂ ಉಳಿಯುವುದಿಲ್ಲ.

ಜಾಸ್ತಿ ಚರ್ಚೆ ಆದದ್ದು ಬ್ಯಾನರ್ ಬಗ್ಗೆ. ಆಗ ಎಷ್ಟೋ ಜಪಾನಿ ಬ್ರ್ಯಾಂಡಿನ ಕಾರು ಶೋರೂಮುಗಳು "ಡಿಯಾಯು ಚೀನಾದ್ದು" ಅಂತ ಬರೆಸಿ ನೇತುಹಾಕಿದ್ದವು. ನಮ್ಮಲ್ಲೂ ಹಾಕೋಣ ಅಂತ ಕೆಲವರು. ನಾನು ಬೇಡ ಅಂದೆ. ಜಪಾನಿ ಮುಖ್ಯಸ್ಥರ ಕೈಯಲ್ಲಿ ಅದಕ್ಕೆ ಸಹಿ ಹಾಕಿಸುವುದು ಅವರಿಗೆ ಅವಮಾನ, ಕೆಲಸಗಾರರಿಗೂ ಅದು ನಾಟಕ ಅಂತ ಗೊತ್ತಾಗುತ್ತದೆ. ಕಂಪನಿಯ ಬೋರ್ಡಿಗೆ ಬಟ್ಟೆ ಮುಚ್ಚಿದೆವು, ಜಪಾನಿನ ಬಾವುಟ ಇಳಿಸಿದೆವು, ಚೀನಾದ ಬಾವುಟ ಎಂದಿನಂತೆ ಹಾರುತ್ತಿತ್ತು. ಪ್ರೆಸ್ ಶಾಪಿನ ಹುಡುಗರು ತಾವಾಗಿಯೇ ಕೆಂಪು ಬಟ್ಟೆಯ ಮೇಲೆ ಒಂದು ಸಾಲು ಬರೆದು ತಂದರು: "ಇಲ್ಲಿ ದುಡಿಯುವವರು ನಿಮ್ಮ ಅಣ್ಣತಮ್ಮಂದಿರು." ಅದನ್ನು ಗೇಟಿಗೆ ಕಟ್ಟಿದೆವು.

ಮೆರವಣಿಗೆಗೆ ಹೋಗುತ್ತೇನೆ ಅಂದ ಕೆಲಸಗಾರರೂ ಇದ್ದರು. ಹೋಗಬೇಡಿ ಅಂತ ನಾವು ಹೇಳಲಿಲ್ಲ, ಹೆಸರೂ ಬರೆದುಕೊಳ್ಳಲಿಲ್ಲ. ರಜೆ ಬೇಕಿದ್ದರೆ ತಗೊಳ್ಳಿ, ಕಂಪನಿಯ ಯೂನಿಫಾರಂ ಹಾಕಿಕೊಂಡು ಹೋಗಬೇಡಿ, ಹೊಡೆದಾಟ ಶುರುವಾದ ತಕ್ಷಣ ಮನೆಗೆ ಬನ್ನಿ ಅಂತ ಎಚ್‌ಆರ್ ಮ್ಯಾನೇಜರ್ ತಮ್ಮ ಶಾಂಘೈ ಅನುಭವ ಇಟ್ಟುಕೊಂಡೇ ಹೇಳಿದರು.

ಶನಿವಾರ, 15ನೇ ತಾರೀಕು. ಊರಿನ ಹೊಸ ಬಡಾವಣೆಯಲ್ಲಿದ್ದ ಜಪಾನಿ ಹೋಟೆಲುಗಳ ಬೀದಿಗೆ ಗುಂಪು ನುಗ್ಗಿತು. ಬಾಗಿಲಿನ ಕೆಂಪು ದೀಪದ ಬುಟ್ಟಿಗಳು, ಗಾಜು, ಬೋರ್ಡು ಎಲ್ಲ ಪುಡಿಪುಡಿ. ಅಲ್ಲಿ ಅಂಗಡಿ ನಡೆಸುತ್ತಿದ್ದವರಲ್ಲಿ ಚೀನೀಯರೇ ಎಷ್ಟೋ ಜನ ಇದ್ದರು. ಊರಿನ ಪ್ಯಾನಾಸೋನಿಕ್ ಕಾರ್ಖಾನೆಗೂ ಹಾನಿಯಾಯಿತು. ನಮ್ಮ ರಸ್ತೆಗೆ ಗುಂಪು ಬಂದದ್ದು ಸಂಜೆ ಹೊತ್ತಿಗೆ. ಹೆಚ್ಚಿನವರು ಇಪ್ಪತ್ತರ ಆಸುಪಾಸಿನ ಹುಡುಗರು. ರಾಷ್ಟ್ರಗೀತೆ ಹಾಡುತ್ತಿದ್ದರು. ಅದು 1935ರಲ್ಲಿ ಜಪಾನ್ ವಿರುದ್ಧದ ಹೋರಾಟದ ಕಾಲದಲ್ಲೇ ಹುಟ್ಟಿದ ಹಾಡು. ಗುಂಪು ಒಟ್ಟಿಗೆ ಅದನ್ನು ಹಾಡುವಾಗ ಮೈ ಜುಮ್ಮೆನ್ನುತ್ತದೆ, ನನಗೂ ಹಾಗೇ ಆಯಿತು. ಶಿಫು ಮತ್ತು ಪ್ರೆಸ್ ಶಾಪಿನ ಹಿರಿಯರು ಗೇಟಿನ ಹೊರಗೆ ಹೋಗಿ ನಿಂತು ತಾವೂ ಜೊತೆಗೆ ಹಾಡಿದರು. ಹಾಡು ಮುಗಿದ ಮೇಲೆ ಶಿಫು ಸುಝೌ ಮಾತಿನಲ್ಲೇ ಅವರನ್ನು ಕೇಳತೊಡಗಿದರು: ನೀನು ಯಾವ ಊರಿನವನಪ್ಪಾ, ನಿಮ್ಮಪ್ಪ ಏನು ಕೆಲಸ ಮಾಡ್ತಾರೆ, ಈ ಗಾಜು ಒಡೆದರೆ ನಾಳೆ ಗುಡಿಸೋರು ಯಾರು ಗೊತ್ತಾ, ನಮ್ಮ ಹೆಂಗಸರು. ಹಿಂದಿನಿಂದ ಯಾರೋ ಎಸೆದ ಬಾಟಲಿ ಸೆಕ್ಯುರಿಟಿ ರೂಮಿನ ಕಿಟಕಿಗೆ ಬಿತ್ತು. ಇನ್ನೆರಡು ಕಲ್ಲು ಬೋರ್ಡಿಗೆ ಬಿದ್ದವು. ಅಷ್ಟೇ. ಪೊಲೀಸರು ರಸ್ತೆಯ ತುದಿಯಲ್ಲಿ ನಿಂತಿದ್ದರು. ಗುಂಪು ಮುಂದಕ್ಕೆ ಹೋಯಿತು.

ಬೇರೆ ಊರುಗಳ ಸುದ್ದಿ ರಾತ್ರಿಯಿಂದ ಬರತೊಡಗಿತು. ಚಿಂಗ್‌ಡಾವ್‌ನಲ್ಲಿ ಪ್ಯಾನಾಸೋನಿಕ್ ಕಾರ್ಖಾನೆಗೆ, ಟೊಯೋಟಾ ಶೋರೂಮಿಗೆ ಬೆಂಕಿ. ಅಲ್ಲಿನ ಜಪಾನಿ ಜಸ್ಕೊ ಸೂಪರ್ ಮಾರ್ಕೆಟ್ ಲೂಟಿ. ಚಾಂಗ್‌ಶಾದಲ್ಲಿ ಜಪಾನಿನದ್ದೇ ಹೇವಾಡೊ ಅಂಗಡಿ ಧ್ವಂಸ. ಶಿಯಾನ್‌ನಲ್ಲಿ ನಡೆದದ್ದು ಮಾತ್ರ ಇವತ್ತಿಗೂ ಮನಸ್ಸಿನಿಂದ ಹೋಗಿಲ್ಲ. ಅಲ್ಲಿ ಒಬ್ಬ ಚೀನೀಯ ಹೆಂಡತಿ ಮಗನ ಜೊತೆ ತನ್ನ ಟೊಯೋಟಾ ಕಾರಿನಲ್ಲಿ ಬರುತ್ತಿದ್ದ. ಗುಂಪು ಕಾರು ಒಡೆಯತೊಡಗಿದಾಗ ತಡೆಯಲು ಹೋದ. 21 ವರ್ಷದ ಒಬ್ಬ ಗಾರೆ ಕೆಲಸದ ಹುಡುಗ ಸೈಕಲ್ ಬೀಗದಿಂದ ಅವನ ತಲೆಗೆ ಹೊಡೆದ. ತಲೆಬುರುಡೆ ಒಡೆದು ದೇಹದ ಒಂದು ಭಾಗ ಸ್ವಾಧೀನ ತಪ್ಪಿತು. ಹೊಡೆದವನಿಗೆ 10 ವರ್ಷ ಜೈಲು. ಇಬ್ಬರೂ ಒಂದೇ ದೇಶದವರು. ಅದೇ ಊರಿನಲ್ಲಿ ಅದೇ ದಿನ ಇನ್ನೊಬ್ಬ ಯುವಕ ರಟ್ಟಿನ ಮೇಲೆ "ಮುಂದೆ ಕಾರು ಒಡೀತಿದ್ದಾರೆ, ಜಪಾನಿ ಕಾರಿನವರು ವಾಪಸ್ ತಿರುಗಿ" ಅಂತ ಕೈಬರಹದಲ್ಲಿ ಬರೆದು ರಸ್ತೆ ಮಧ್ಯೆ ಹಿಡಿದು ನಿಂತಿದ್ದ. ಎಷ್ಟು ಕಾರುಗಳು ತಿರುಗಿಸಿಕೊಂಡು ಹೋದವೋ. ಆ ಫೋಟೋವನ್ನು ನಾನು ನಮ್ಮ ನೋಟಿಸ್ ಬೋರ್ಡಿನಲ್ಲಿ ಹಾಕಿಸಿದೆ, ಕೆಳಗೆ ಏನೂ ಬರೆಯಲಿಲ್ಲ.

18ರಂದು ಸಂಬಳ ಸಹಿತ ರಜೆ ಕೊಟ್ಟೆವು. ಅವತ್ತು ನೂರಕ್ಕೂ ಹೆಚ್ಚು ಊರುಗಳಲ್ಲಿ ಮೆರವಣಿಗೆ ನಡೆಯಿತು. ಮಾರನೇ ದಿನ ಎಲ್ಲ ಒಮ್ಮೆಗೇ ನಿಂತುಹೋಯಿತು. ಬೀಜಿಂಗ್‌ನಲ್ಲಿ ಪೊಲೀಸರು ಜನರ ಮೊಬೈಲಿಗೇ ಮೆಸೇಜು ಕಳಿಸಿ, ಇನ್ನು ರಾಯಭಾರ ಕಚೇರಿ ಹತ್ತಿರ ಮೆರವಣಿಗೆ ಬೇಡ ಅಂದರು. ಒಂದು ಮೆಸೇಜಿಗೆ ನಿಲ್ಲುವಂಥದ್ದನ್ನು ಶನಿವಾರವೇ ನಿಲ್ಲಿಸಬಹುದಿತ್ತು ಅಲ್ವಾ? ಜನರ ಸಿಟ್ಟು ನಿಜ ಅಂತ ಮೊದಲೇ ಹೇಳಿದೆ. ಆದರೆ ಆ ಸಿಟ್ಟಿಗೆ ಯಾವಾಗ ಬೀದಿ ಬಿಟ್ಟುಕೊಡಬೇಕು, ಯಾವಾಗ ಮುಚ್ಚಬೇಕು ಅಂತ ತೀರ್ಮಾನ ಮಾಡುವವರು ಬೇರೆ. ಹಾಗೇ ಜಪಾನಿನ ರಾಜಕಾರಣಿಗಳೂ. ಓಟಿಗಾಗಿ ದ್ವೀಪದ ಮಾತೆತ್ತಿ, ಯಾಸುಕುನಿಗೆ ಹೋಗಿ ಬರುವವರು ಚಿಂಗ್‌ಡಾವ್‌ನ ಬೆಂಕಿಗೆ ಏನೂ ಉತ್ತರ ಕೊಡಬೇಕಾಗಿಲ್ಲ. ಅದನ್ನು ಎದುರಿಸಿದವರು ಅಂಗಡಿ ಹುಡುಗಿಯರು, ಡ್ರೈವರುಗಳು, ಹೊರದೇಶಕ್ಕೆ ಬಂದ ಎಂಜಿನಿಯರುಗಳು. ಈ ವಿಷಯದಲ್ಲಿ ನನಗೆ ಎರಡೂ ಕಡೆಯ ದೊಡ್ಡವರ ಮೇಲೆ ಸಿಟ್ಟಿದೆ.

ಗಾಜು ಒಡೆದ ಸುದ್ದಿ ಪೇಪರಿನಲ್ಲಿ ಬರುತ್ತದೆ. ಆಮೇಲೆ ಆಗುವುದು ಬರುವುದಿಲ್ಲ. ಆ ಸೆಪ್ಟೆಂಬರ್‌ನಲ್ಲಿ ಚೀನಾದಲ್ಲಿ ಟೊಯೋಟಾ ಮಾರಾಟ ಹಿಂದಿನ ವರ್ಷಕ್ಕಿಂತ ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯಿತು. ಹೊಂಡಾ ಸುಮಾರು 40 ಶೇಕಡಾ, ನಿಸ್ಸಾನ್ ಸುಮಾರು 35 ಶೇಕಡಾ ಬಿತ್ತು. ಈ ಕಾರುಗಳು ಹೆಚ್ಚಿನವು ಅಲ್ಲೇ, ಗುವಾಂಗ್‌ಝೌ, ಟಿಯಾಂಜಿನ್‌ಗಳಲ್ಲಿ, ಚೀನೀ ಸರ್ಕಾರಿ ಕಂಪನಿಗಳ ಪಾಲುದಾರಿಕೆಯಲ್ಲಿ, ಚೀನೀ ಕೈಗಳು ಮಾಡಿದಂಥವು. ಅವರ ಲೈನ್ ನಿಂತರೆ ನಮಗೆ ಆರ್ಡರ್ ಇಲ್ಲ. ನಮಗೆ ಆರ್ಡರ್ ಇಲ್ಲದಿದ್ದರೆ ಮೊದಲು ಹೋಗುವುದು ಓವರ್‌ಟೈಮ್. ಅಲ್ಲಿನ ಕೆಲಸಗಾರ ಊರಿಗೆ ಕಳಿಸುವ ದುಡ್ಡೇ ಓವರ್‌ಟೈಮಿನದ್ದು, ಮೂಲ ಸಂಬಳ ಊಟ ಬಾಡಿಗೆಗೆ ಸರಿಹೋಗುತ್ತದೆ. ಆಮೇಲೆ ಏಜೆನ್ಸಿ ಮೂಲಕ ಬಂದ ಹುಡುಗರನ್ನು ವಾಪಸ್ ಕಳಿಸುತ್ತಾರೆ. ನಮ್ಮಲ್ಲೂ ಕಳಿಸಬೇಕಾಯಿತು. ಮೆರವಣಿಗೆಗೆ ಹೋಗಿದ್ದ ಕೆಲವರೂ ಅದರಲ್ಲಿದ್ದರು, ಗೇಟಿಗೆ ಕೆಂಪು ಬಟ್ಟೆ ಕಟ್ಟಿದ್ದವರೂ ಇದ್ದರು. ಆ ಪಟ್ಟಿ ನೋಡುವಾಗ ಆದ ಸಂಕಟ ಶನಿವಾರ ಸಂಜೆಯ ಹೆದರಿಕೆಗಿಂತ ದೊಡ್ಡದು. ಜಪಾನಿ ಮುಖ್ಯಸ್ಥರು ಹೆಡ್ ಆಫೀಸಿನ ಜೊತೆ ಜಗಳ ಮಾಡಿ ಅವರಿಗೆಲ್ಲ ಸೆಪ್ಟೆಂಬರ್ 30ರ ಚಂದ್ರನ ಹಬ್ಬದವರೆಗೂ ಪೂರ್ತಿ ಸಂಬಳ ಕೊಡಿಸಿದರು. ಹಬ್ಬಕ್ಕೆ ಕಂಪನಿ ಕೊಡುವ ಮೂನ್‌ಕೇಕ್ ಡಬ್ಬಗಳನ್ನು ಆ ವರ್ಷ ಗೇಟಿನಲ್ಲಿ ನಿಂತು ಅವರೇ ಕೈಯಾರೆ ಹಂಚಿದರು.

ಇಂಥದ್ದು ಚೀನಾದಲ್ಲಿ ಮಾತ್ರ ಅಂತ ಯಾರೂ ಅಂದುಕೊಳ್ಳಬಾರದು. 2020ರ ಜೂನ್ 15ರ ರಾತ್ರಿ ಗಾಲ್ವಾನ್‌ನಲ್ಲಿ ನಮ್ಮ 20 ಸೈನಿಕರು ಸತ್ತಾಗ ನಾನು ಬೆಂಗಳೂರಿಗೆ ವಾಪಸ್ ಬಂದಿದ್ದೆ. ಆ ಸಿಟ್ಟು ನನಗೂ ಇತ್ತು, ಇನ್ನೂ ಇದೆ. ಸೂರತ್‌ನಲ್ಲಿ ಚೀನೀ ಟಿವಿಗಳನ್ನು ಮಹಡಿಯಿಂದ ಎಸೆದು ತುಳಿಯುತ್ತಿದ್ದ ವಿಡಿಯೊ ಎಲ್ಲರೂ ನೋಡಿದ್ದೇವೆ. ಶವೋಮಿ ಅಂಗಡಿಗಳು ಬೋರ್ಡಿನ ಮೇಲೆ "ಮೇಡ್ ಇನ್ ಇಂಡಿಯಾ" ಬ್ಯಾನರ್ ಮುಚ್ಚಿಕೊಂಡವು. 2012ರಲ್ಲಿ ಚೀನಾದಲ್ಲಿ ಜನ ಜಪಾನಿ ಕಾರುಗಳ ಲಾಂಛನದ ಮೇಲೆ ಚೀನೀ ಬಾವುಟ ಅಂಟಿಸಿಕೊಂಡದ್ದೂ ಇದೇ ಭಯಕ್ಕೆ. ಆಗ ನಾನಿದ್ದ ಕಂಪನಿಗೆ ಯಂತ್ರ ಜೋಡಿಸಲು ಬಂದು ಲಾಕ್‌ಡೌನಿನಲ್ಲಿ ಸಿಕ್ಕಿಬಿದ್ದ ಚೀನೀ ತಂತ್ರಜ್ಞರು ಇದ್ದರು. ಸುಝೌನಲ್ಲಿ ಮಾಡಿದ್ದನ್ನೇ ಇಲ್ಲೂ ಮಾಡಿದೆ: ಮನೆಯಲ್ಲೇ ಇರಿಸಿ ದಿನಸಿ ತಲುಪಿಸಿದೆ, ಠಾಣೆಗೆ ಮೊದಲೇ ತಿಳಿಸಿದೆ, ನಮ್ಮ ಲೈನಿನ ಹುಡುಗರನ್ನು ಕೂರಿಸಿ ಮಾತಾಡಿದೆ. ಅವರಲ್ಲಿ ಒಬ್ಬ ಕೊಡಗಿನವನು, ಅವನ ಮನೆಯಲ್ಲಿ ಸೈನ್ಯದಲ್ಲಿ ಇದ್ದವರಿದ್ದರು. ಅವನ ಸಿಟ್ಟು ಕೇಳಿಸಿಕೊಂಡೆ, ಸಮಾಧಾನ ಹೇಳಲು ಹೋಗಲಿಲ್ಲ. ಎರಡು ದಿನ ಬಿಟ್ಟು ಅವನೇ ಆ ತಂತ್ರಜ್ಞರ ಮನೆಗೆ ನೀರಿನ ಕ್ಯಾನ್ ತಗೊಂಡು ಹೋದ.

2024ರ ಜೂನ್ 24ರಂದು ಸುಝೌನ ಜಪಾನಿ ಶಾಲೆಯ ಬಸ್ ಸ್ಟಾಪಿನಲ್ಲಿ ಒಬ್ಬ ಚಾಕು ಹಿಡಿದು ತಾಯಿ ಮಗುವಿನ ಮೇಲೆ ಬಿದ್ದ. ಬಸ್ಸಿಗೆ ನುಗ್ಗದಂತೆ ಅವನನ್ನು ತಡೆದ ಚೀನೀ ಬಸ್ ಅಟೆಂಡರ್ ಹೆಂಗಸು ಗಾಯಗೊಂಡು ಸತ್ತರು. ಬೀಜಿಂಗ್‌ನ ಜಪಾನ್ ರಾಯಭಾರ ಕಚೇರಿ ಅವರಿಗಾಗಿ ತನ್ನ ಬಾವುಟ ಅರ್ಧಕ್ಕೆ ಇಳಿಸಿತು. ಸಾಲದಿಂದ ಬದುಕು ಸಾಕಾಗಿ ಹಾಗೆ ಮಾಡಿದ ಅಂತ ಕೋರ್ಟು ಹೇಳಿತು, ಜಪಾನ್ ದ್ವೇಷದ ಮಾತು ಅದರಲ್ಲಿ ಬರಲಿಲ್ಲ. ಆದರೆ ಮೂರು ತಿಂಗಳೊಳಗೆ, ಅದೂ ಸೆಪ್ಟೆಂಬರ್ 18ರಂದೇ, ಶೆನ್‌ಝೆನ್‌ನಲ್ಲಿ ಶಾಲೆಗೆ ಹೋಗುತ್ತಿದ್ದ 10 ವರ್ಷದ ಜಪಾನಿ ಹುಡುಗನಿಗೆ ಇರಿದರು, ಮಾರನೇ ದಿನ ಅವನು ತೀರಿಕೊಂಡ. ಸುದ್ದಿ ಬಂದ ಕೂಡಲೇ ನಮ್ಮ ಹಳೇ ಎಚ್‌ಆರ್ ಮ್ಯಾನೇಜರಿಗೆ ಫೋನ್ ಮಾಡಿದೆ. ಅವರು ಈಗಲೂ ಸುಝೌನಲ್ಲೇ ಇದ್ದಾರೆ. ಆ ವಾರ ಇಡೀ ಜಪಾನಿ ಸಿಬ್ಬಂದಿಯ ಮಕ್ಕಳನ್ನು ಮನೆಯಿಂದಲೇ ಓದಿಸಲು ವ್ಯವಸ್ಥೆ ಮಾಡುತ್ತಿದ್ದರು.

ಹೊರಟಿರುವ ಹುಡುಗರಿಗೆ ಕೊನೆಯದಾಗಿ ಕ್ಯಾಲೆಂಡರ್ ವಿಷಯ. ಜುಲೈ 7, ಸೆಪ್ಟೆಂಬರ್ 18, ಡಿಸೆಂಬರ್ 13. ಈ ಮೂರು ದಿನ ಕಂಪನಿಯ ಪಾರ್ಟಿ, ಉದ್ಘಾಟನೆ, ಹೊಸ ಮಾಡೆಲ್ ಬಿಡುಗಡೆ, ಜಪಾನಿನಿಂದ ಬರುವ ದೊಡ್ಡವರ ಭೇಟಿ ಯಾವುದನ್ನೂ ಇಟ್ಟುಕೊಳ್ಳಬೇಡಿ. 2021ರಲ್ಲಿ ಸೋನಿ ಕಂಪನಿ ಜುಲೈ 7ಕ್ಕೆ ಹೊಸ ಮಾಡೆಲ್ ಬಿಡುಗಡೆ ಅಂತ ಜಾಹೀರಾತು ಕೊಟ್ಟು, ಬೈಗುಳ ತಿಂದು ಹಿಂದೆಗೆದು, ಆಮೇಲೆ 10 ಲಕ್ಷ ಯುವಾನ್ ದಂಡವನ್ನೂ ಕಟ್ಟಿತು. ಜಪಾನಿನಲ್ಲಿ ಕೂತು ಪ್ಲಾನ್ ಮಾಡುವವರಿಗೆ ಈ ದಿನಗಳು ನೆನಪಿರುವುದಿಲ್ಲ. ಮೀಟಿಂಗಿನಲ್ಲಿ ಕೈ ಎತ್ತಿ ಹೇಳಬೇಕಾದವರು ನೀವು. ಹೇಳಲು ಮುಜುಗರ ಆದರೆ ನಿಮ್ಮ ಚೀನೀ ಎಚ್‌ಆರ್‌ ಅವರನ್ನು ಮುಂದೆ ಮಾಡಿ, ಅವರ ಪಕ್ಕದಲ್ಲಿ ನೀವು ಕೂತುಕೊಳ್ಳಿ.